ಬೈಗುಳ ಬೇರೆ, ಭೇದಭಾವ ಬೇರೆ: ದೂರು ಬರೆಯುವ ಮುನ್ನ

ಮಾನ್ಯ ಸಂಪಾದಕರೇ,

ಕಚೇರಿ, ಕಾರ್ಖಾನೆ, ತೋಟಗಳಲ್ಲಿ ಮೇಲಿನವರ ಕಿರುಕುಳದ ಸುದ್ದಿ ಬಂದಾಗಲೆಲ್ಲ ನಮ್ಮ ಜಿಲ್ಲೆಯಲ್ಲಿ ಎರಡು ಮಾತು ಓಡಾಡುತ್ತವೆ. ‘ಒಂದು ಅಟ್ರಾಸಿಟಿ ಕೇಸು (ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ಕೇಸು) ಜಡಿದ್ರೆ ಸರಿ ಹೋಗ್ತಾರೆ’ ಎಂಬುದು ಒಂದು. ‘ಅವ್ರು ಎಲ್ರಿಗೂ ಹಂಗೇ ಮಾರಾಯ್ರೆ, ಇದಕ್ಕೆ ಜಾತಿ ಯಾಕೆ ತರ್ತೀರಿ’ ಎಂಬುದು ಇನ್ನೊಂದು. ಮೊದಲನೆಯ ಮಾತು ಕೇಳಿ ಹೋದವರು ಬರೀ ದಬ್ಬಾಳಿಕೆಯನ್ನು ಜಾತಿ ಪ್ರಕರಣವೆಂದು ಕೋರ್ಟಿಗೆ ಒಯ್ದು ಸೋಲುತ್ತಾರೆ. ಎರಡನೆಯ ಮಾತು ಕೇಳಿ ಸುಮ್ಮನಾದವರು ನಿಜವಾದ ಜಾತಿ ತಾರತಮ್ಯವನ್ನು ‘ಸಾಹೇಬರ ಸ್ವಭಾವ’ ಅಂದುಕೊಂಡು ವರ್ಷಗಟ್ಟಲೆ ನುಂಗುತ್ತಾರೆ. ಈ ಎರಡರ ನಡುವಿನ ಗೆರೆ ಎಲ್ಲಿದೆ, ದೂರು ಬರೆಯುವಾಗ ಎಲ್ಲಿ ಎಡವುತ್ತೇವೆ ಎಂಬುದರ ಬಗ್ಗೆ ನಿಮ್ಮ ಓದುಗರಿಗೆ ಕೆಲವು ವಿವರ ತಿಳಿಸಬೇಕೆನಿಸಿ ಈ ಪತ್ರ.

ನೊಂದವರು ಸಾಮಾನ್ಯವಾಗಿ ಶುರು ಮಾಡುವುದು ‘ಎಷ್ಟು ಕೆಟ್ಟದಾಗಿ ಬೈದರು’ ಎಂಬಲ್ಲಿಂದ. ತಾರತಮ್ಯದ ವಿಚಾರದಲ್ಲಿ ಅದು ಎರಡನೆಯ ಪ್ರಶ್ನೆ. ‘ನನಗೇ ಯಾಕೆ?’ ಎಂಬುದು ಮೊದಲನೆಯದು. ಗಾರ್ಮೆಂಟ್ಸ್ ಘಟಕದ ಒಂದು ಲೈನ್ ತೆಗೆದುಕೊಳ್ಳಿ. ಗಂಟೆಯ ಪ್ರೊಡಕ್ಷನ್ ಕಡಿಮೆಯಾದರೆ ಸೂಪರ್‌ವೈಸರ್ ಇಡೀ ಸಾಲಿನ ಮೇಲೆ ಹರಿಹಾಯುತ್ತಾನೆ, ಪೀಸು ಎಸೆಯುತ್ತಾನೆ, ಶೌಚಾಲಯಕ್ಕೆ ಹೋದರೆ ನಿಮಿಷ ಎಣಿಸುತ್ತಾನೆ. ಇದು ದಬ್ಬಾಳಿಕೆ. ತಪ್ಪೇ, ಶಿಕ್ಷೆಗೆ ಅರ್ಹವೇ. ಆದರೆ ಅದಕ್ಕೆ ಗುರಿಯಾದವರಲ್ಲಿ ಎಲ್ಲ ಜಾತಿಯವರೂ ಇದ್ದಾರೆ. ಇನ್ನೊಂದು ಕಡೆ, ಒಂದು ಸಹಕಾರ ಸೊಸೈಟಿಯಲ್ಲಿ ಏಳು ಜನ ಗುಮಾಸ್ತರಿದ್ದಾರೆ ಎಂದುಕೊಳ್ಳೋಣ. ತಿಂಗಳಲ್ಲಿ ನಾಲ್ವರು ತಡವಾಗಿ ಬಂದಿದ್ದಾರೆ. ಮೆಮೋ ಹೋದದ್ದು ಒಬ್ಬರಿಗೆ. ಮೆಮೋದ ಭಾಷೆ ಸೌಮ್ಯವಾಗಿದೆ, ‘ತಮ್ಮ ಗಮನಕ್ಕೆ ತರಲಾಗಿದೆ’ ಎಂದೇ ಬರೆದಿದ್ದಾರೆ. ಆ ಒಬ್ಬರು ಅಲ್ಲಿರುವ ಏಕೈಕ ಪರಿಶಿಷ್ಟ ಜಾತಿಯ ನೌಕರ. ಇಲ್ಲಿ ಯಾರೂ ದನಿ ಎತ್ತಿಲ್ಲ, ಕೆಟ್ಟ ಮಾತು ಒಂದೂ ಬಂದಿಲ್ಲ. ಆದರೂ ತಾರತಮ್ಯದ ವಾಸನೆ ಬರುವುದು ಮೊದಲನೆಯದರಲ್ಲಲ್ಲ, ಎರಡನೆಯದರಲ್ಲಿ.

ದಬ್ಬಾಳಿಕೆಗೆ ಸಾಮಾನ್ಯವಾಗಿ ಗಂಟಲು ದೊಡ್ಡದು. ಭೇದಭಾವ ಬಹಳ ಸಲ ಮರ್ಯಾದೆಯಾಗಿಯೇ ನಡೆಯುತ್ತದೆ. ಅಡಿಕೆ ಸುಲಿಯುವ ಅಂಗಳದಲ್ಲಿ ಸಂಜೆ ಚಹಾ ಬಂದಾಗ ಗಮನಿಸಿ: ಎಲ್ಲರಿಗೂ ಸ್ಟೀಲ್ ಲೋಟ, ಇಬ್ಬರಿಗೆ ಮಾತ್ರ ಪೇಪರ್ ಕಪ್ಪು. ಕೇಳಿದರೆ ‘ಲೋಟ ಸಾಲಲಿಲ್ಲ’ ಎಂಬ ಉತ್ತರ ಸಿದ್ಧ. ಒಂದು ದಿನದ ಮಟ್ಟಿಗೆ ಅದು ನಿಜವೂ ಇರಬಹುದು. ಹತ್ತು ದಿನವೂ ಲೋಟ ಸಾಲದೆ, ಹತ್ತು ದಿನವೂ ಪೇಪರ್ ಕಪ್ಪು ಅದೇ ಇಬ್ಬರಿಗೆ ಬಂದರೆ ಲೆಕ್ಕ ಬೇರೆ. ಹೋಟೆಲಿನಲ್ಲಿ ಒಬ್ಬನನ್ನು ವರ್ಷಗಟ್ಟಲೆ ಟೇಬಲ್ ಒರೆಸಲು, ತಟ್ಟೆ ತೆಗೆಯಲು ಇಟ್ಟುಕೊಂಡು, ಅವನ ನಂತರ ಬಂದವರನ್ನೆಲ್ಲ ಅಡುಗೆ ಮನೆಗೆ ಸೇರಿಸಿಕೊಳ್ಳುವುದು. ಆಯುಧಪೂಜೆಯ ದಿನ ಒಬ್ಬರಿಗೆ ಮಾತ್ರ ‘ನೀವು ಇವತ್ತು ಗೇಟ್ ನೋಡ್ಕೊಳ್ಳಿ’ ಅನ್ನುವುದು. ತರಬೇತಿಗೆ ಹೆಸರು ಕಳಿಸುವಾಗ ಪ್ರತಿ ಸಲ ಒಬ್ಬರ ಹೆಸರು ಬಿಟ್ಟುಹೋಗುವುದು. ಇವಕ್ಕೆಲ್ಲ ಬೈಗುಳದ ಸಾಕ್ಷಿ ಹುಡುಕುತ್ತ ಕೂತರೆ ಏನೂ ಸಿಗುವುದಿಲ್ಲ. ಹಾಜರಾತಿ ಪುಸ್ತಕ, ಕೆಲಸ ಹಂಚಿಕೆಯ ಪಟ್ಟಿ, ಬಡ್ತಿ ಆದೇಶಗಳಲ್ಲಿ ಸಾಕ್ಷಿ ಕೂತಿರುತ್ತದೆ.

ಆದ್ದರಿಂದ ಹೋಲಿಕೆಗೆ ಒಬ್ಬರು ಬೇಕು. ಅದೇ ಹುದ್ದೆ ಅಥವಾ ಅದೇ ಬಗೆಯ ಕೆಲಸ, ಅದೇ ಮೇಲಧಿಕಾರಿ, ಹತ್ತಿರದ ಅವಧಿ, ಅದೇ ತರಹದ ತಪ್ಪು. ಜಾತಿ ಅಥವಾ ಮೂಲ ಮಾತ್ರ ಬೇರೆ. ಅಂಥವರಿಗೆ ಏನಾಯಿತು, ನನಗೆ ಏನಾಯಿತು? ಈ ಹೋಲಿಕೆ ಸರಿ ಕೂತರೆ ಅರ್ಧ ಪ್ರಕರಣ ನಿಂತಂತೆ. ಜನ ಇಲ್ಲಿ ಮಾಡುವ ತಪ್ಪು, ಹೋಲಿಸಬಾರದವರ ಜೊತೆ ಹೋಲಿಸುವುದು. ಪ್ರೊಬೇಷನ್‌ನಲ್ಲಿರುವವರು ಇಪ್ಪತ್ತು ವರ್ಷದ ಸರ್ವಿಸ್ ಆದವರ ಜೊತೆ, ನಗದು ವಿಭಾಗದವರು ಟಪಾಲು ವಿಭಾಗದವರ ಜೊತೆ ಹೋಲಿಸಿಕೊಂಡರೆ ಎದುರು ಪಕ್ಷದ ವಕೀಲರು ಮೊದಲ ಪಾಟೀಸವಾಲಿನಲ್ಲೇ ಅದನ್ನು ಕೆಡವುತ್ತಾರೆ.

‘ಅವರು ಎಲ್ಲರಿಗೂ ಬೈಯುತ್ತಾರೆ’ ಎಂಬ ಸಮರ್ಥನೆಗೆ ಒಂದು ಮಿತಿ ಇದೆ, ಅದನ್ನು ಆಡಳಿತ ಮಂಡಳಿಗಳು ಮರೆಯುತ್ತವೆ. ಎಲ್ಲರಿಗೂ ‘ದಡ್ಡ, ಸೋಮಾರಿ’ ಅನ್ನುವ ಅಧಿಕಾರಿ ಒಬ್ಬರಿಗೆ ಮಾತ್ರ ಜಾತಿಯ ಹೆಸರು ಹಿಡಿದು ಬೈದರೆ, ಉಳಿದವರಿಗೆ ಬೈದದ್ದು ಅವರನ್ನು ಕಾಪಾಡುವುದಿಲ್ಲ. ಬೈಗುಳದ ಪ್ರಮಾಣ ಸಮ ಇದ್ದರೂ ಅದರ ಜಾತಿ ಬೇರೆಯಾಯಿತು.

ಇನ್ನು ಕಾನೂನು. ಬರೀ ದಬ್ಬಾಳಿಕೆಗೆ ನಮ್ಮಲ್ಲಿ ಪ್ರತ್ಯೇಕ ಕಾಯ್ದೆಯೇ ಇಲ್ಲ. ಕೆಲಸದ ಜಾಗದ ಹಿಂಸೆ, ಕಿರುಕುಳದ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2019ರಲ್ಲಿ ಮಾಡಿದ 190ನೇ ಒಡಂಬಡಿಕೆಯನ್ನು ಭಾರತ ಅಂಗೀಕರಿಸಿಲ್ಲ. ಈ ಖಾಲಿ ಜಾಗವೇ ಅರ್ಧ ಗೊಂದಲಕ್ಕೆ ಕಾರಣ ಎಂದು ನಮ್ಮ ಅಭಿಪ್ರಾಯ. ಮೂಲದ ದೂರಿಗೆ ಬಾಗಿಲು ಕಾಣದಾಗ ಜನ ಪಕ್ಕದ ಬಾಗಿಲು ತಟ್ಟುತ್ತಾರೆ. ಆದರೆ ಪೂರ್ತಿ ಬಾಗಿಲೇ ಇಲ್ಲ ಎಂದೂ ಅಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ 20 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ಪರಿಹಾರ ಸಮಿತಿ ಇರಲೇಬೇಕು, ಅದರಲ್ಲಿ ಮಾಲೀಕರ ಕಡೆಯವರೂ ಕಾರ್ಮಿಕರ ಕಡೆಯವರೂ ಸಮ ಸಂಖ್ಯೆಯಲ್ಲಿರಬೇಕು. ಘಟನೆಯಾದ 1 ವರ್ಷದೊಳಗೆ ಅರ್ಜಿ ಕೊಡಬಹುದು, ಸಮಿತಿ 30 ದಿನದಲ್ಲಿ ಮುಗಿಸಬೇಕು. ದುರುದ್ದೇಶದ ವರ್ಗಾವಣೆ, ಸೇಡಿನ ವಜಾ, ಒಂದು ಗುಂಪಿಗೆ ಪಕ್ಷಪಾತ, ಇವು ಹಳೆಯ 1947ರ ಕೈಗಾರಿಕಾ ವಿವಾದ ಕಾಯ್ದೆಯ ಐದನೇ ಅನುಸೂಚಿಯಲ್ಲೂ ‘ಅನುಚಿತ ಕಾರ್ಮಿಕ ಪದ್ಧತಿ’ ಎಂದೇ ಇದ್ದವು, ಹೊಸ ಸಂಹಿತೆಯಲ್ಲೂ ಇವೆ. ಬೆದರಿಕೆ ಹಾಕಿದರೆ ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಮು, ಕೈ ಮಾಡಿದರೆ 115, ಕೋಣೆಯಿಂದ ಹೊರಗೆ ಬಿಡದೆ ತಡೆದರೆ 127. ಮಹಿಳೆಗೆ ಲೈಂಗಿಕ ಬಣ್ಣದ ಕಿರುಕುಳವಾದರೆ 2013ರ ಕಾಯ್ದೆಯಡಿ 10 ಅಥವಾ ಹೆಚ್ಚು ನೌಕರರಿರುವ ಕಡೆ ಆಂತರಿಕ ಸಮಿತಿ, ಅದಕ್ಕಿಂತ ಕಡಿಮೆ ಇದ್ದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ. 3 ತಿಂಗಳೊಳಗೆ ದೂರು, ತಡಕ್ಕೆ ತಕ್ಕ ಕಾರಣವಿದ್ದರೆ ಇನ್ನೂ 3 ತಿಂಗಳು.

ಕೆಲಸ ಕೇಳುವುದೆಲ್ಲ ಕಿರುಕುಳವಲ್ಲ ಎಂಬುದನ್ನೂ ಹೇಳಬೇಕು. ಟಾರ್ಗೆಟ್ ಕೊಡುವುದು, ತಡವಾದರೆ ವಿವರಣೆ ಕೇಳುವುದು, ನಿಯಮದಂತೆ ವರ್ಗ ಮಾಡುವುದು ಆಡಳಿತದ ಹಕ್ಕು. ಅದನ್ನು ಮಾಡುವ ರೀತಿ ವಿವೇಕದ್ದಾಗಿರಬೇಕು, ಅಷ್ಟೆ. ಆಸ್ಟ್ರೇಲಿಯಾದ ಕಾನೂನು ಇದನ್ನು ಅಚ್ಚುಕಟ್ಟಾಗಿ ಹೇಳಿದೆ. ಅಲ್ಲಿ 2014ರ ಜನವರಿಯಿಂದ ದಬ್ಬಾಳಿಕೆ ಎಂದರೆ ಮತ್ತೆ ಮತ್ತೆ ನಡೆಯುವ, ವಿವೇಕಕ್ಕೆ ಒಪ್ಪದ, ಆರೋಗ್ಯಕ್ಕೆ ಅಪಾಯ ತರುವ ನಡವಳಿಕೆ. ಸರಿಯಾದ ರೀತಿಯಲ್ಲಿ ತೆಗೆದುಕೊಂಡ ಸರಿಯಾದ ಆಡಳಿತ ಕ್ರಮ ಅದರಲ್ಲಿ ಸೇರುವುದಿಲ್ಲ. ಜನಾಂಗೀಯ ತಾರತಮ್ಯಕ್ಕೆ 1975ರ ಬೇರೆಯದೇ ಕಾಯ್ದೆ ಇದೆ, ಅಲ್ಲಿ ಒಂದೇ ಘಟನೆ ಸಾಕಾಗಬಹುದು. ಬ್ರಿಟನ್ನಿನಲ್ಲಿ ಬರೀ ದಬ್ಬಾಳಿಕೆ ಎಂದು ಹೇಳಿಕೊಂಡು ಎಂಪ್ಲಾಯ್‌ಮೆಂಟ್ ಟ್ರಿಬ್ಯೂನಲ್‌ಗೆ ಹೋಗಲು ಬರುವುದಿಲ್ಲ; 2010ರ ಸಮಾನತಾ ಕಾಯ್ದೆಯ ಒಂಬತ್ತು ಲಕ್ಷಣಗಳಲ್ಲಿ ಒಂದಕ್ಕೆ, ಅಂದರೆ ಜನಾಂಗ, ಧರ್ಮ, ಲಿಂಗ, ವಯಸ್ಸು, ಅಂಗವೈಕಲ್ಯ ಮುಂತಾದವುಗಳಲ್ಲಿ ಒಂದಕ್ಕೆ, ಅದು ಜೋಡಿಕೊಳ್ಳಬೇಕು. ಜೋಡಣೆಗೆ ಮೇಲ್ನೋಟದ ಆಧಾರ ಸಿಕ್ಕಿತೆಂದರೆ, ಕಾರಣ ಅದಲ್ಲ ಎಂದು ರುಜುವಾತು ಮಾಡುವ ಹೊರೆ ಮಾಲೀಕರ ಮೇಲೆ ಬೀಳುತ್ತದೆ. ಸಾಗರ, ತೀರ್ಥಹಳ್ಳಿಯ ಎಷ್ಟೋ ಮನೆಗಳ ಮಕ್ಕಳು ಆ ದೇಶಗಳಲ್ಲಿ ದುಡಿಯುತ್ತಿರುವುದರಿಂದ ಇದನ್ನು ಇಲ್ಲಿ ಹೇಳಿದೆವು. ಅಲ್ಲಿ ದೂರಿನ ಗಡುವು ತಿಂಗಳುಗಳ ಲೆಕ್ಕದಲ್ಲಿರುತ್ತದೆ, ಊರಿಗೆ ಬಂದು ಹಿರಿಯರನ್ನು ಕೇಳಿ ಆಮೇಲೆ ನೋಡೋಣ ಎಂದರೆ ಆಗದು.

ನಮ್ಮಲ್ಲಿ ಜಾತಿಯ ಪ್ರಶ್ನೆಗೆ ಗಟ್ಟಿ ಕಾಯ್ದೆ 1989ರ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ. ಕೆಲಸದ ಜಾಗಕ್ಕೆ ಹೆಚ್ಚು ಬಳಕೆಯಾಗುವುದು ಅದರ 3(1)(ಆರ್) ಮತ್ತು 3(1)(ಎಸ್). ಇವೆರಡರ ವ್ಯತ್ಯಾಸ ಠಾಣೆಯಲ್ಲೂ ಎಷ್ಟೋ ಸಲ ಕಲಸಿಹೋಗುತ್ತದೆ. ಜಾತಿಯ ಹೆಸರು ಹಿಡಿದು ಬೈದರೆ ‘ಎಸ್’. ‘ಆರ್’ಗೆ ಜಾತಿಯ ಹೆಸರು ಬಾಯಿಂದ ಬರಲೇಬೇಕೆಂದಿಲ್ಲ, ಅವಮಾನಿಸುವ ಉದ್ದೇಶದಿಂದ ಹೀಯಾಳಿಸಿದ್ದು ಅಥವಾ ಬೆದರಿಸಿದ್ದು, ಅದು ಜಾತಿ ಅಥವಾ ಪಂಗಡದ ಕಾರಣಕ್ಕೇ ಎಂದು ತೋರಿಸಬೇಕು. ಎರಡಕ್ಕೂ ಘಟನೆ ‘ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ’ ಆಗಿರಬೇಕು. ಶಿಕ್ಷೆ 6 ತಿಂಗಳಿಂದ 5 ವರ್ಷ, ಜೊತೆಗೆ ದಂಡ.

ಪ್ರಕರಣಗಳು ಬಿದ್ದುಹೋಗುವುದು ಎರಡು ಗಂಟುಗಳಲ್ಲಿ: ಘಟನೆ ಸಾರ್ವಜನಿಕರ ಕಣ್ಣಿಗೆ ಬಿತ್ತೇ, ಅದಕ್ಕೆ ಜಾತಿಯೇ ಕಾರಣವೇ. 2020ರ ಹಿತೇಶ್ ವರ್ಮಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ನಾಲ್ಕು ಗೋಡೆಯೊಳಗೆ ಹೊರಗಿನವರಾರೂ ಇಲ್ಲದಾಗ ಆಡಿದ ಮಾತು ಈ ಕಲಮಿಗೆ ಬರುವುದಿಲ್ಲ ಎಂದಿತು. 2025ರ ಜನವರಿಯ ಕರುಪ್ಪುದಯಾರ್ ತೀರ್ಪು ಇನ್ನೂ ಹತ್ತಿರದ್ದು, ಅದು ತಮಿಳುನಾಡಿನ ಕಂದಾಯ ಕಚೇರಿಯೊಂದರ ಸಂಗತಿ. ಘಟನೆ ದೂರುದಾರರ ಕೋಣೆಯೊಳಗೆ ಆಗಿತ್ತು, ಸಹೋದ್ಯೋಗಿಗಳು ಒಳಗೆ ಬಂದದ್ದು ಆಮೇಲೆ. ಪ್ರಕರಣ ರದ್ದಾಯಿತು. ಅಂದರೆ ಸಿಬ್ಬಂದಿ ಸಭೆಯಲ್ಲಿ, ಕೌಂಟರಿನಲ್ಲಿ ಗ್ರಾಹಕರ ಎದುರು, ಕಣದಲ್ಲಿ, ಕಾರ್ಖಾನೆಯ ಲೈನಿನಲ್ಲಿ ಆದ ಅವಮಾನಕ್ಕೂ ಬಾಗಿಲು ಹಾಕಿದ ಚೇಂಬರಿನಲ್ಲಿ ಆದ ಅವಮಾನಕ್ಕೂ ಕಾನೂನಿನ ಕಣ್ಣಲ್ಲಿ ಅಜಗಜಾಂತರ. ನೋವು ಒಂದೇ, ಆದರೆ ಕಲಮು ಒಂದೇ ಅಲ್ಲ. ಇದು ನ್ಯಾಯವೇ ಎಂದು ಯಾರಾದರೂ ಕೇಳಿದರೆ ನಮ್ಮಲ್ಲೂ ಸಮಾಧಾನದ ಉತ್ತರವಿಲ್ಲ. ಚೇಂಬರಿಗೆ ಕರೆಸಿ ಬೈಯುವುದನ್ನು ಕಲಿತವರು ಹೆಚ್ಚುತ್ತಿದ್ದಾರೆ. 2024ರ ಶಾಜನ್ ಸ್ಕರಿಯಾ ತೀರ್ಪು ಎರಡನೆಯ ಗಂಟನ್ನು ಬಿಗಿಮಾಡಿತು: ಪರಿಶಿಷ್ಟರೊಬ್ಬರಿಗೆ ಆದ ಅವಮಾನವೆಲ್ಲ ತಾನಾಗಿಯೇ ಈ ಕಾಯ್ದೆಯ ಅಪರಾಧವಾಗದು, ಅವಮಾನಕ್ಕೂ ಜಾತಿಗೂ ಕೊಂಡಿ ಬೇಕು.

ದೂರಿನಲ್ಲಿ ‘ಜಾತಿ ನಿಂದನೆ ಮಾಡಿ ಅವಾಚ್ಯ ಶಬ್ದಗಳಿಂದ ಬೈದಿರುತ್ತಾರೆ’ ಎಂದು ಬರೆದರೆ ಸಾಲದು. ಆ ಪದಗಳನ್ನೇ, ಕಹಿಯಾದರೂ, ಹೇಳಿದ ಹಾಗೆಯೇ ಬರೆಯಬೇಕು. ಹೇಳಿದವರ ಹೆಸರು, ಹುದ್ದೆ, ಗಂಟೆ, ಜಾಗ, ಅಲ್ಲಿದ್ದವರು, ಹೇಳಿದವರಿಗೆ ನಿಮ್ಮ ಜಾತಿ ಹೇಗೆ ಗೊತ್ತು ಎಂಬುದು ಇರಬೇಕು. ಕೊನೆಯದಕ್ಕೆ ಕಾಯ್ದೆಯ 8ನೇ ಕಲಮು ಆಸರೆ ಕೊಡುತ್ತದೆ. ಆರೋಪಿಗೆ ನಿಮ್ಮ ಅಥವಾ ಮನೆಯವರ ಪರಿಚಯವಿದ್ದರೆ ಜಾತಿ ಗೊತ್ತಿತ್ತೆಂದೇ ನ್ಯಾಯಾಲಯ ಭಾವಿಸುತ್ತದೆ, ಅಲ್ಲವೆಂದು ಆರೋಪಿಯೇ ತೋರಿಸಬೇಕು. ಜಾತಿ ಪ್ರಮಾಣಪತ್ರ ಮೊದಲ ದಿನವೇ ಲಗತ್ತಿಸಿ. ಎಲ್ಲಕ್ಕಿಂತ ಹೆಚ್ಚು ಕೇಸು ಕೆಡಿಸುವುದು, ಮೊದಲ ದೂರಿನಲ್ಲಿ ಇಲ್ಲದ ಜಾತಿಯ ಮಾತು ಹದಿನೈದು ದಿನದ ನಂತರದ ಹೆಚ್ಚುವರಿ ಹೇಳಿಕೆಯಲ್ಲಿ ಬರುವುದು. ಯಾರೋ ಹೇಳಿಕೊಟ್ಟರು ಎಂಬ ಅನುಮಾನ ಅಲ್ಲಿಗೆ ಹುಟ್ಟಿತು. ಆಗಿದ್ದರೆ ಮೊದಲೇ ಬರೆಯಿರಿ, ಆಗದಿದ್ದರೆ ಯಾರು ಹೇಳಿದರೂ ಬರೆಯಬೇಡಿ.

ಠಾಣೆಯಲ್ಲಿ ‘ಮೊದಲು ವಿಚಾರಣೆ ಮಾಡಿ ನೋಡ್ತೀವಿ’ ಎಂದರೆ 2018ರಲ್ಲಿ ಸೇರಿಸಿದ 18ಎ ಕಲಮನ್ನು ನೆನಪಿಸಿ. ಎಫ್‌ಐಆರ್ ದಾಖಲಿಸಲು ಪ್ರಾಥಮಿಕ ವಿಚಾರಣೆ ಬೇಕಿಲ್ಲ. ತನಿಖೆ ಮಾಡಬೇಕಾದವರು ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರಲ್ಲ, ಗಡುವು 60 ದಿನ. ಬಾಯಿಮಾತಿನ ದೂರನ್ನು ಬರೆದುಕೊಂಡರೆ ಸಹಿಗೆ ಮುನ್ನ ಓದಿ ಹೇಳಬೇಕು, ಪ್ರತಿ ಉಚಿತವಾಗಿ ಕೊಡಬೇಕು. ಇದನ್ನು ಬೇಕೆಂದೇ ಮಾಡದ ಅಧಿಕಾರಿಯ ಮೇಲೆ 4ನೇ ಕಲಮು ಬೀಳುತ್ತದೆ. ಮೇಲೆ ಹೇಳಿದ ಎರಡು ಅಪರಾಧಗಳಿಗೆ ಸರ್ಕಾರದ ಪರಿಹಾರ 1 ಲಕ್ಷ ರೂಪಾಯಿ: ಎಫ್‌ಐಆರ್ ಹಂತದಲ್ಲಿ ಶೇ 25, ಆರೋಪಪಟ್ಟಿ ಹೋದಾಗ ಶೇ 50, ಶಿಕ್ಷೆಯಾದಾಗ ಉಳಿದ ಶೇ 25. ಅದು ತಡವಾದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿಗೆ ಬರೆಯಬಹುದು. ಆ ಸಮಿತಿ 3 ತಿಂಗಳಿಗೊಮ್ಮೆಯಾದರೂ ಸೇರಬೇಕೆಂಬುದು ನಿಯಮ. ಸಹಾಯವಾಣಿ 14566. ಲೋಟ, ಪ್ರವೇಶ, ಉದ್ಯೋಗದ ವಿಷಯದಲ್ಲಿ ಅಸ್ಪೃಶ್ಯತೆ ಆಚರಿಸಿದರೆ 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆಯೂ ಇದೆ. ಅದರ 12ನೇ ಕಲಮಿನಂತೆ, ಪರಿಶಿಷ್ಟ ಜಾತಿಯವರ ಮೇಲೆ ನಡೆದ ಅಂಥ ಕೃತ್ಯ ಅಸ್ಪೃಶ್ಯತೆಯ ಕಾರಣಕ್ಕೇ ಆಯಿತು ಎಂದು ಕೋರ್ಟು ಭಾವಿಸಿಕೊಳ್ಳುತ್ತದೆ. ಹಳೆಯ ಕಾಯ್ದೆ ಎಂದು ಇದನ್ನು ಯಾರೂ ಮುಟ್ಟುವುದಿಲ್ಲ. ಪೇಪರ್ ಕಪ್ಪಿನಂಥ ಸದ್ದಿಲ್ಲದ ಭೇದಕ್ಕೆ ನಮ್ಮ ಮಟ್ಟಿಗೆ ಇದೇ ಹೆಚ್ಚು ಹೊಂದುತ್ತದೆ.

ಹಿಂದುಳಿದ ವರ್ಗದವರು, ಅಲ್ಪಸಂಖ್ಯಾತರು ಜಾತಿ ಅಥವಾ ಧರ್ಮದ ಹೆಸರಲ್ಲಿ ಹೀಯಾಳಿಕೆ ಅನುಭವಿಸಿದರೆ ದೌರ್ಜನ್ಯ ತಡೆ ಕಾಯ್ದೆ ಅವರಿಗೆ ಸಿಗುವುದಿಲ್ಲ. ಅವರ ತಾರತಮ್ಯ ಸುಳ್ಳು ಎಂದಲ್ಲ, ಆ ಕಾಯ್ದೆಯ ವ್ಯಾಪ್ತಿಯೇ ಅಷ್ಟು. ಸರ್ಕಾರಿ ನೌಕರರಾದರೆ ಸಂವಿಧಾನದ 16ನೇ ವಿಧಿ ಇದೆ. ಖಾಸಗಿಯಲ್ಲಿ ದುಡಿಯುವವರು ಅನುಚಿತ ಕಾರ್ಮಿಕ ಪದ್ಧತಿ, ವಜಾ ಆದೇಶದ ದುರುದ್ದೇಶ ಎಂಬ ದಾರಿಯಲ್ಲೇ ಹೋಗಬೇಕು.

ಜನಾಂಗದ ಪ್ರಶ್ನೆ ಪರದೇಶದ್ದು ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಘಟ್ಟದ ಮೇಲೆ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ತಲೆಮಾರುಗಳಿಂದ ಇರುವ ಸಿದ್ದಿಗಳು ಆಫ್ರಿಕಾ ಮೂಲದವರು, ಮನೆಮಾತು ಕೊಂಕಣಿ, ಕನ್ನಡ. ಉತ್ತರ ಕನ್ನಡದ ಸಿದ್ದಿಗಳು 2003ರಿಂದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದಾರೆ. ಸಿದ್ದಿ ಹುಡುಗನೊಬ್ಬನನ್ನು ಅಂಗಡಿಯಲ್ಲಿ ‘ಗಿರಾಕಿ ಹೆದರ್ತಾರೆ’ ಎಂದು ಗೋದಾಮಿಗೇ ಸೀಮಿತ ಮಾಡಿದರೆ, ಕೂದಲು, ಮೈಬಣ್ಣ ಹಿಡಿದು ನಾಲ್ಕು ಜನರೆದುರು ಆಡಿಕೊಂಡರೆ, ಪಂಗಡದ ಹೆಸರು ಹೇಳಲಿಲ್ಲ ಎಂಬುದು ನೆಪ ಮಾತ್ರ. ಆ ಹೀಯಾಳಿಕೆ ಅವನ ಮೂಲದಿಂದಲೇ ಹುಟ್ಟಿದ್ದು, ‘ಆರ್’ ಉಪಕಲಮಿನಡಿ ವಾದಿಸಲು ಗಟ್ಟಿ ನೆಲೆ ಇದೆ.

ಈಶಾನ್ಯದಿಂದ, ಜಾರ್ಖಂಡ್, ಅಸ್ಸಾಮಿನಿಂದ ಕೊಪ್ಪ, ಬಾಳೆಹೊನ್ನೂರು ಕಡೆಯ ಕಾಫಿ ತೋಟಗಳಿಗೆ ಬಂದವರ ಪಾಡು ಇದಕ್ಕಿಂತ ತೊಡಕಿನದು. ಪರಿಶಿಷ್ಟರ ಪಟ್ಟಿ ರಾಜ್ಯದಿಂದ ರಾಜ್ಯಕ್ಕೆ ಬೇರೆ; ಅಸ್ಸಾಮಿನ ಚಹಾ ತೋಟಗಳಿಗೆ ಹೋಗಿ ನೆಲೆಸಿದ ಆದಿವಾಸಿ ಮೂಲದವರಿಗೆ ಅಲ್ಲೇ ಪಂಗಡದ ಮಾನ್ಯತೆ ಇಲ್ಲ. ಜನಾಂಗೀಯ ತಾರತಮ್ಯ ನಿರ್ಮೂಲನದ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ 1968ರಲ್ಲೇ ಸೇರಿದೆ. 2014ರಲ್ಲಿ ದೆಹಲಿಯಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೋ ತಾನಿಯಾ ಸಾವಿನ ನಂತರ ಬೆಜ್‌ಬರುವಾ ಸಮಿತಿ ಜನಾಂಗೀಯ ನಿಂದನೆಗೆ ಪ್ರತ್ಯೇಕ ಕಲಮು ಬೇಕೆಂದಿತು. ಅದು ಕಾನೂನಾಗಲಿಲ್ಲ. ಹೀಗಾಗಿ ತೋಟದ ರೈಟರು (ಲೆಕ್ಕ, ಹಾಜರಿ ನೋಡಿಕೊಳ್ಳುವವರು) ಒಬ್ಬ ಕೆಲಸಗಾರನ ಮುಖಚಹರೆ ನೋಡಿ ಏನೋ ಒಂದು ಅಡ್ಡ ಹೆಸರಿಟ್ಟು ಕರೆದರೆ ನೇರ ಕಲಮು ಕೈಗೆ ಸಿಗುವುದಿಲ್ಲ. ಆದರೆ ಕೂಲಿಯಲ್ಲಿ ಭೇದ ಮಾಡಿ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟರೆ ಸಿಗುತ್ತದೆ. ಕನಿಷ್ಠ ವೇತನಕ್ಕೆ ಊರು, ಮುಖ, ಭಾಷೆ ಇಲ್ಲ. ಇಂಥ ಕಡೆ ಅವಮಾನದ ಬೆನ್ನು ಹತ್ತುವುದಕ್ಕಿಂತ ಮಸ್ಟರ್ ರೋಲು (ಹಾಜರಿ ಪಟ್ಟಿ), ಕೂಲಿ ಚೀಟಿ, ಲೈನ್ ಮನೆಯ (ಕೆಲಸಗಾರರ ಸಾಲುಮನೆ) ಹಂಚಿಕೆ ಹಿಡಿದು ಕಾರ್ಮಿಕ ಇಲಾಖೆಗೆ ಹೋಗುವುದು ಜಾಣತನ. ಮೇಸ್ತ್ರಿ ಕಮಿಷನ್ ಹಿಡಿದುಕೊಂಡ ಮೇಲೆ ಕೈಗೆ ಬಂದದ್ದೆಷ್ಟು ಎಂಬುದನ್ನು ಬೇರೆ ಬರೆದಿಡಿ. ಮೇಸ್ತ್ರಿಯ ಕಡಿತವನ್ನು ಮಾಲೀಕರ ತಾರತಮ್ಯವೆಂದು ಬರೆದು ದೂರು ಅಲ್ಲೇ ಮುಗ್ಗರಿಸುವುದುಂಟು.

ದಾಖಲೆಯ ವಿಷಯಕ್ಕೆ ಬರೋಣ. ಒಂದು ನೋಟ್‌ಬುಕ್ಕು ಸಾಕು, ಹಾಳೆ ಹರಿದು ತೆಗೆಯಲಾಗದ ಹೊಲಿಗೆಯದ್ದಾದರೆ ಒಳ್ಳೆಯದು. ‘ಮ್ಯಾನೇಜರು ದಿನಾ ಅವಮಾನ ಮಾಡುತ್ತಾರೆ’ ಎಂಬ ನಮೂದಿನಿಂದ ಏನೂ ಪ್ರಯೋಜನವಿಲ್ಲ. ಉಪಯೋಗಕ್ಕೆ ಬರುವ ನಮೂದು ಹೀಗಿರುತ್ತದೆ: ‘ಮಂಗಳವಾರ ಬೆಳಿಗ್ಗೆ 10.20. ಗೋದಾಮಿನ ಬಾಗಿಲು, ತೂಕದ ಯಂತ್ರದ ಪಕ್ಕ. ಚೀಲದ ಎಣಿಕೆಯಲ್ಲಿ ಎರಡು ವ್ಯತ್ಯಾಸ ಬಂತು. ಮ್ಯಾನೇಜರು ಹೇಳಿದ್ದು: (ಆಡಿದ ಮಾತು ಇದ್ದ ಹಾಗೆ). ಇಬ್ಬರು ಹಮಾಲರು, ಲಾರಿ ಡ್ರೈವರು ಅಲ್ಲೇ ಇದ್ದರು. ಹೋದ ವಾರ ಇನ್ನೊಬ್ಬ ಗುಮಾಸ್ತರಿಂದ ಇದೇ ವ್ಯತ್ಯಾಸ ಬಂದಾಗ ಮತ್ತೊಮ್ಮೆ ಎಣಿಸಿ ಎಂದಷ್ಟೇ ಹೇಳಿದ್ದರು.’ ಆ ಕೊನೆಯ ಸಾಲನ್ನು ಹೆಚ್ಚಿನವರು ಬರೆಯುವುದಿಲ್ಲ. ದಬ್ಬಾಳಿಕೆಯನ್ನೂ ತಾರತಮ್ಯವನ್ನೂ ಬೇರೆ ಮಾಡಿ ತೋರಿಸುವುದು ಅದೊಂದೇ ಸಾಲು. ಅದೇ ದಿನ ಬರೆಯಿರಿ. ತಿಂಗಳ ನಂತರ ಒಂದೇ ಪೆನ್ನಿನಲ್ಲಿ, ಒಂದೇ ಓಘದಲ್ಲಿ ಬರೆದ ಮೂವತ್ತು ದಿನದ ಡೈರಿ ಯಾರ ಕಣ್ಣಿಗೂ ಮಣ್ಣೆರಚುವುದಿಲ್ಲ.

ಮೊಬೈಲಿನಲ್ಲಿ ಧ್ವನಿಮುದ್ರಣ ಇದ್ದರೆ ಮೂಲ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. ವಾಟ್ಸ್ಆ್ಯಪ್‌ನಲ್ಲಿ ದಾಟಿಸಿದ ಪ್ರತಿಯಲ್ಲಿ ಮೂಲ ಕಡತದ ವಿವರ ಉಳಿಯುವುದಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವಿಲ್ಲದೆ ವಿದ್ಯುನ್ಮಾನ ಪ್ರತಿಗೆ ಬೆಲೆ ಇಲ್ಲ. ಕಚೇರಿಯ ಕಡತವನ್ನು ಮನೆಗೆ ಒಯ್ಯುವುದು, ಗೌಪ್ಯ ರಿಜಿಸ್ಟರಿನ ಫೋಟೊ ತೆಗೆದು ಹಂಚುವುದು ಬೇಡವೇ ಬೇಡ. ನಿಮ್ಮ ದೂರು ಪಕ್ಕಕ್ಕೆ ಸರಿದು ನಿಮ್ಮ ಮೇಲೆಯೇ ದುರ್ನಡತೆಯ ಚಾರ್ಜ್‌ಶೀಟು ಬರುತ್ತದೆ. ಸರ್ಕಾರಿ ಕಚೇರಿಯಾದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕಕ್ಕೆ, 30 ದಿನದಲ್ಲಿ, ‘ಕಳೆದ ಎರಡು ವರ್ಷದಲ್ಲಿ ತಡ ಹಾಜರಾತಿಗೆ ಎಷ್ಟು ಮೆಮೋ, ಯಾವ ಹುದ್ದೆಯವರಿಗೆ’ ಎಂದು ಕೇಳಬಹುದು. ‘ನನ್ನ ಮೇಲೆ ಯಾಕೆ ಕ್ರಮ ಕೈಗೊಂಡಿರಿ’ ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ತಿರಸ್ಕರಿಸುತ್ತಾರೆ. ಖಾಸಗಿಯಲ್ಲಿದ್ದರೆ ವಿಚಾರಣಾಧಿಕಾರಿಗೆ ಇಂತಿಂಥ ದಾಖಲೆ ಹಾಜರುಪಡಿಸಿ ಎಂದು ಲಿಖಿತವಾಗಿ ಕೇಳಿ. ಕೊಡದಿದ್ದರೆ ಆ ನಿರಾಕರಣೆಯೇ ಮುಂದೆ ಸಾಕ್ಷಿ. ಏನೇ ಕೊಟ್ಟರೂ ನಿಮ್ಮ ಪ್ರತಿಯ ಮೇಲೆ ಟಪಾಲು ಸೀಲು ಮತ್ತು ತಾರೀಕು ಹಾಕಿಸಿಕೊಳ್ಳಿ. ಹಾಕದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಸ್ವೀಕೃತಿ ಸಹಿತ ಕಳಿಸಿ.

ಯಾವ ಬಾಗಿಲು ಯಾರಿಗೆ ಎಂಬುದರಲ್ಲೂ ವರ್ಷಗಳು ಹಾಳಾಗುತ್ತವೆ. ರಾಜ್ಯ ಸರ್ಕಾರಿ ನೌಕರರ ಸೇವಾ ವಿಷಯ ಆಡಳಿತ ನ್ಯಾಯಮಂಡಳಿಗೆ, ಅಂತಿಮ ಆದೇಶದಿಂದ 1 ವರ್ಷ. ಸಹಕಾರ ಸಂಘದ ನೌಕರರ ಶಿಸ್ತು ಕ್ರಮದ ತಕರಾರು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮಿನಡಿ. ಖಾಸಗಿ ಶಾಲೆಯ ಶಿಕ್ಷಕರು ‘ಕಾರ್ಮಿಕ’ರಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ; ಅವರು ವಜಾ ಆದರೆ ಕರ್ನಾಟಕ ಶಿಕ್ಷಣ ಕಾಯ್ದೆಯ 94ನೇ ಕಲಮಿನಂತೆ 3 ತಿಂಗಳೊಳಗೆ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕು. ಮೇಲ್ವಿಚಾರಣೆ ಕೆಲಸದಲ್ಲಿದ್ದು ತಿಂಗಳಿಗೆ 18,000 ರೂಪಾಯಿ ಮೀರಿದವರಿಗೂ ಕಾರ್ಮಿಕ ಸಂಹಿತೆಯ ಬಾಗಿಲು ತೆರೆಯದು. ಉಳಿದವರು ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯಿಂದ ಶುರು ಮಾಡಲಿ. ವಕೀಲರಿಗೆ ದುಡ್ಡಿಲ್ಲದ ಪರಿಶಿಷ್ಟರು, ಮಹಿಳೆಯರು, ಕೈಗಾರಿಕಾ ಕಾರ್ಮಿಕರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತ ನೆರವು ಕೊಡುತ್ತದೆ, ಸಂಖ್ಯೆ 15100. ಮತ್ತೆ, ಸಿಟ್ಟಿನಲ್ಲಿ ರಾಜೀನಾಮೆ ಬಿಸಾಕಬೇಡಿ. ‘ಸ್ವಂತ ಕಾರಣಗಳಿಂದ’ ಎಂದು ಬರೆದ ಒಂದು ಸಾಲು ಹಿಂದಿನ ಎರಡು ವರ್ಷದ ಡೈರಿಯನ್ನು ಅಳಿಸಿಹಾಕುತ್ತದೆ. ಒತ್ತಾಯಕ್ಕೆ ಬರೆದುಕೊಟ್ಟಿದ್ದರೆ, ಅಂಗೀಕಾರವಾಗುವ ಮೊದಲೇ ಹಿಂಪಡೆಯುವ ಪತ್ರ ಕಳಿಸಿ.

ಎರಡೂ ಹೆಣೆದುಕೊಂಡಿದ್ದರೆ? ಬಹಳಷ್ಟು ಕಡತಗಳಲ್ಲಿ ಹಾಗೇ ಇರುತ್ತದೆ. ಆಗ ಮೊದಲ ಹಾಳೆಯಲ್ಲಿ ಬರೀ ಘಟನೆಗಳು, ತಾರೀಕಿನ ಸಾಲಿನಲ್ಲಿ. ಯಾವುದಕ್ಕೂ ಹೆಸರು ಕೊಡಬೇಡಿ. ಎರಡನೆಯ ಹಾಳೆಯಲ್ಲಿ ಅವುಗಳಲ್ಲಿ ಯಾವುವು ಬೇರೆಯವರಿಗೂ ಆದವು, ಯಾವುವು ನಿಮಗೆ ಮಾತ್ರ ಆದವು ಎಂದು ವಿಂಗಡಿಸಿ. ಮೊದಲ ಗುಂಪು ಕುಂದುಕೊರತೆ ಸಮಿತಿಗೆ, ಸಾಧ್ಯವಾದರೆ ಇತರ ನೌಕರರ ಸಹಿಯೊಂದಿಗೆ. ಎರಡನೆಯದು ಪ್ರತ್ಯೇಕ ದೂರಾಗಿ. ಎಲ್ಲವನ್ನೂ ಒಂದೇ ಅರ್ಜಿಗೆ ತುರುಕಿದರೆ ಓದುವವರು ಸುಲಭವಾದದ್ದನ್ನು ಹಿಡಿದು ಕಷ್ಟದ್ದನ್ನು ಬಿಡುತ್ತಾರೆ, ಹೆಚ್ಚಾಗಿ ಬಿಟ್ಟುಹೋಗುವುದು ಜಾತಿಯದ್ದೇ.

ಆಡಳಿತ ನಡೆಸುವವರ ಬಗ್ಗೆಯೂ ಒಂದು ಮಾತು. ದೂರು ಬಂದ ಕೂಡಲೇ ದೂರುದಾರರನ್ನೇ ಬೇರೆ ಶಾಖೆಗೆ ಎತ್ತಿಹಾಕುವುದು, ಆರೋಪಿತರ ಕೈಕೆಳಗಿನವರನ್ನೇ ವಿಚಾರಣಾಧಿಕಾರಿ ಮಾಡುವುದು, ಊರ ಹಿರಿಯರನ್ನು ಕೂರಿಸಿ ರಾಜಿ ಪತ್ರಕ್ಕೆ ಸಹಿ ಹಾಕಿಸುವುದು, ಈ ಮೂರೂ ನಮ್ಮ ಭಾಗದಲ್ಲಿ ರೂಢಿಯಾಗಿವೆ. ಮೊದಲನೆಯದು ಸೇಡಿನ ವರ್ಗಾವಣೆಯ ಹೊಸ ಪ್ರಕರಣಕ್ಕೆ ದಾರಿ, ಎರಡನೆಯದರಿಂದ ಇಡೀ ವಿಚಾರಣೆ ಬಿದ್ದುಹೋಗುತ್ತದೆ. ವಿಚಾರಣಾಧಿಕಾರಿಗಳು ‘ಜಾತಿ ಹೆಸರು ಎತ್ತಿದರಾ, ಇಲ್ಲವಾ’ ಎಂಬ ಒಂದೇ ಪ್ರಶ್ನೆ ಕೇಳಿ ಕಡತ ಮುಚ್ಚದೆ, ಅದೇ ತಪ್ಪಿಗೆ ಬೇರೆಯವರಿಗೆ ಏನು ಮಾಡಿದಿರಿ ಎಂದು ಮೇಲಧಿಕಾರಿಯನ್ನು ಕೇಳಲಿ, ರಿಜಿಸ್ಟರು ತರಿಸಿ ನೋಡಲಿ.

ಜಿಲ್ಲೆಯ ಕಾರ್ಮಿಕ ಅಧಿಕಾರಿಗಳಿಗೆ ನಿಮ್ಮ ಪತ್ರಿಕೆಯ ಮೂಲಕ ಒಂದು ಮನವಿ. 20 ಅಥವಾ ಹೆಚ್ಚು ಕಾರ್ಮಿಕರಿರುವ ಗಾರ್ಮೆಂಟ್ಸ್, ರೈಸ್ ಮಿಲ್ಲು, ಫೌಂಡ್ರಿ, ಆಸ್ಪತ್ರೆಗಳಲ್ಲಿ ಕುಂದುಕೊರತೆ ಸಮಿತಿ ಇದೆಯೇ, ಅದರ ಸದಸ್ಯರ ಹೆಸರು ಕಾರ್ಮಿಕರು ಓದಬಲ್ಲ ಕನ್ನಡದಲ್ಲಿ, ಪಂಚಿಂಗ್ ಯಂತ್ರದ ಪಕ್ಕದ ಗೋಡೆಯ ಮೇಲೆ ಇದೆಯೇ ಎಂಬುದನ್ನು ಮುಂದಿನ ತಪಾಸಣೆಯಲ್ಲಿ ನೋಡಿ. ಹೊರರಾಜ್ಯದವರು ಹೆಚ್ಚಿರುವ ಕಡೆ ಹಿಂದಿಯಲ್ಲೂ ಹಾಕಿಸಿ. ಎಚ್‌ಆರ್ ಕೋಣೆಯ ಕಡತದೊಳಗೆ ಇರುವ ಸಮಿತಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

— ಕಾರ್ಮಿಕ ಮತ್ತು ಸೇವಾ ವಿವಾದಗಳನ್ನು ನಡೆಸುವ ವಕೀಲರು, ಶಿವಮೊಗ್ಗ